ಸ್ಟ್ಯಾಂಪಿನ ಕಪ್ಪು ಗೆರೆ ನೀರಿಗೆ ಹರಡದಿರಲು

ನಮಸ್ಕಾರ. ಮಗಳ ಹುಟ್ಟುಹಬ್ಬದ ಕಾರ್ಡಿನ ಮೇಲೆ ಹೂವಿನ ಸ್ಟ್ಯಾಂಪ್ ಒತ್ತಿ ಜಲವರ್ಣ ಹಚ್ಚಿದೊಡನೆ ಕಪ್ಪು ಗೆರೆ ಹರಡಿ ದಳಗಳೆಲ್ಲ ಬೂದುಬಣ್ಣಕ್ಕೆ ತಿರುಗಿದವು, ತಪ್ಪು ಕಾಗದದ್ದೋ ಶಾಯಿಯದ್ದೋ ಎಂದು ಕೇಳಿದ್ದೀರಿ. ನೀವು ಹೇಳಿದ್ದನ್ನು ನೋಡಿದರೆ ತಪ್ಪು ಶಾಯಿಯದ್ದೇ. ಕಚೇರಿ ಬಳಕೆಯ ಸ್ಟ್ಯಾಂಪ್ ಪ್ಯಾಡ್‌ಗಳಲ್ಲಿ ಸಾಮಾನ್ಯವಾಗಿ ನೀರಿನಲ್ಲಿ ಕರಗುವ ಬಣ್ಣ (ಡೈ) ಇರುತ್ತದೆ; ಮುಟ್ಟಿದರೆ ಬೆರಳಿಗೆ ಅಂಟದಷ್ಟು ಒಣಗಿದ್ದರೂ ಒದ್ದೆ ಕುಂಚ ತಾಗಿದ ಕೂಡಲೇ ಅದು ಮತ್ತೆ ಕರಗುತ್ತದೆ. ಆದ್ದರಿಂದ ವರ್ಸಾಫೈನ್ ಬ್ರ್ಯಾಂಡಿನಂತಹ, ಒಣಗಿದ ಮೇಲೆ ನೀರಿಗೆ ಜಗ್ಗದ ಪಿಗ್ಮೆಂಟ್ (ಕರಗದ ಬಣ್ಣದ ಕಣಗಳಿರುವ) ಶಾಯಿಯನ್ನು ಬಳಸಿ, ಒತ್ತಿದ ಮೇಲೆ ಪೂರ್ತಿ ಒಣಗಲು ಬಿಡಿ. ಆತುರಪಟ್ಟು ನಾನೇ ಎರಡು ಕಾರ್ಡು ಕೆಡಿಸಿಕೊಂಡಿದ್ದೇನೆ. ಅದೇ ಕಾಗದದ ತುಂಡೊಂದರ ಮೇಲೆ ಒತ್ತಿ, ಒಣಗಿದ ನಂತರ ಒದ್ದೆ ಕುಂಚದಿಂದ ಮೂರ್ನಾಲ್ಕು ಸಲ ಸವರಿ ನೋಡಿ. ನೀರು ತಿಳಿಯಾಗಿಯೇ ಉಳಿದರೆ ಮಾತ್ರ ಕಾರ್ಡಿಗೆ ಕೈ ಹಾಕಿ.

ಕಾಗದ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಕ) ಇದ್ದರೆ ಸಾಕು, ಆದರೆ ತೀರಾ ಒರಟಾಗಿರಬಾರದು, ಏಕೆಂದರೆ ತಗ್ಗುಗಳಿಗೆ ಸ್ಟ್ಯಾಂಪ್ ಮುಟ್ಟದೆ ಗೆರೆ ಅಲ್ಲಲ್ಲಿ ತುಂಡಾಗುತ್ತದೆ. ಬಣ್ಣ ಹಚ್ಚುವ ಮೊದಲು ನಾಲ್ಕೂ ಅಂಚುಗಳನ್ನು ಮಾಸ್ಕಿಂಗ್ ಟೇಪಿನಿಂದ ಹಲಗೆಗೆ ಅಂಟಿಸಿದರೆ ಕಾಗದ ಅಷ್ಟಾಗಿ ಸೊಟ್ಟಗಾಗುವುದಿಲ್ಲ.

ನೀರಿನಲ್ಲಿ ಕರಗುವ ಶಾಯಿಗೂ ಒಂದು ಉಪಯೋಗವಿದೆ. ಅದು ಗುಲಾಬಿ ಬಣ್ಣದಲ್ಲಿ ಸಿಕ್ಕರೆ, ಹೂವನ್ನು ಅದರಲ್ಲಿ ಒತ್ತಿ, ತುಸುವೇ ಒದ್ದೆಯಾದ ಕುಂಚದಿಂದ ಗೆರೆಯನ್ನು ಒಳಕ್ಕೆ ಎಳೆಯಿರಿ. ಅಂಚಿನಲ್ಲಿ ಗಾಢವಾಗಿ, ನಡುವಿಗೆ ಬಂದಂತೆ ತೆಳುವಾಗಿ ದಳ ತಾನಾಗಿಯೇ ಮೂಡುತ್ತದೆ.