ಓದುಗರ ಪ್ರಶ್ನೆ: ಖರ್ಜೂರದ ಮರದ ಕೆಳಗೆ ಕೂತು ನ್ಯಾಯ ಹೇಳಿದವಳು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬೈಬಲ್ಲಿನ ಹೆಣ್ಣುಮಕ್ಕಳ ಬಗ್ಗೆನೇ ಇತ್ತು, ಹಾಗಾಗಿ ಬೇರೆದನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿ ಇವನ್ನೇ ತಗೊಂಡಿದೀನಿ. ಕೆಲವರು ಹೆಸರು ಬೇಡ ಅಂದಿದ್ರು, ಅದಕ್ಕೆ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ, ನನ್ನನ್ನ ಟೀಮ್ ಲೀಡ್ ಮಾಡಿದಾರೆ. ಟೀಮಲ್ಲಿರೋ ಸೀನಿಯರ್ ಒಬ್ರು ಒಳ್ಳೆ ಕೆಲಸಗಾರರು, ಆದ್ರೆ ಪ್ರತಿಯೊಂದಕ್ಕೂ "ನೀವೂ ಬನ್ನಿ, ನೀವಿದ್ರೆನೇ ಆಗೋದು" ಅಂತಾರೆ. ಹೋದ್ರೆ ಕ್ರೆಡಿಟ್ ನನಗೆ ಬಂತು ಅಂತ ಮುನಿಸು. ಚರ್ಚಲ್ಲಿ ಎಲ್ರೂ "ದೆಬೋರಳ ಥರ ಇರು" ಅಂತಾರೆ, ಹೇಗಿರೋದು ಅಂತ ಮಾತ್ರ ಯಾರೂ ಹೇಳಲ್ಲ.

ಉತ್ತರ: ನಿಮ್ಮ ಸೀನಿಯರ್ ಹೇಳ್ತಿರೋದು ಥೇಟ್ ಬಾರಾಕನ ಮಾತು ಕಣ್ರೀ. ದೆಬೋರ ಇಸ್ರಾಯೇಲ್ಯರಿಗೆ ನ್ಯಾಯ ಹೇಳ್ತಿದ್ದ ಪ್ರವಾದಿನಿ, ಬಾರಾಕ ಅವಳು ಯುದ್ಧಕ್ಕೆ ಕರೆಸಿದ ಸೇನಾಪತಿ. ನ್ಯಾಯಸ್ಥಾಪಕರು 4ನೇ ಅಧ್ಯಾಯ ತೆಗೆದು ನೋಡಿ, 10,000 ಜನರನ್ನ ಕರ್ಕೊಂಡು ತಾಬೋರ್ ಬೆಟ್ಟಕ್ಕೆ ಹೋಗು ಅಂತ ದೆಬೋರ ಅಂದ್ರೆ ಅವನು "ನೀನು ಬಂದ್ರೆ ಹೋಗ್ತೀನಿ, ಇಲ್ಲಾಂದ್ರೆ ಇಲ್ಲ" ಅಂತಾನೆ. ಅವನನ್ನ ಹೇಡಿ ಅಂತ ಬೈಯೋದು ನನಗೆ ಇಷ್ಟ ಇಲ್ಲ, ಎದುರಿಗೆ ಶತ್ರು ಸೇನಾಪತಿ ಸೀಸೆರನ 900 ಕಬ್ಬಿಣದ ರಥ ಇತ್ತು, 20 ವರ್ಷದಿಂದ ಹಿಂಸೆ ಅನುಭವಿಸಿದ ಜನ, ಯಾರಿಗಾದ್ರೂ ಕೈಕಾಲು ನಡುಗತ್ತೆ. ದೆಬೋರ ಏನಂದ್ಲು ನೋಡಿ: ಖಂಡಿತ ಬರ್ತೀನಿ, ಆದ್ರೆ ಈ ದಾರಿಯಲ್ಲಿ ಸಿಗೋ ಕೀರ್ತಿ ನಿನ್ನದಾಗಲ್ಲ, ಸೀಸೆರ ಒಬ್ಬ ಹೆಂಗಸಿನ ಕೈಗೆ ಸಿಗ್ತಾನೆ. ಹೊರಡೋಕೆ ಮುಂಚೆನೇ, ಮುಖಕ್ಕೆ ಮುಖ ಕೊಟ್ಟು ಹೇಳಿದ್ಲು. ನೀವು ಇದನ್ನ ಮಾಡ್ತಿದೀರಾ? ಕೆಲಸ ಮುಗಿದ ಮೇಲೆ ಕ್ರೆಡಿಟ್ ಲೆಕ್ಕ ಹಾಕೋಕೆ ಕೂತ್ರೆ ಜಗಳ ಗ್ಯಾರಂಟಿ, ಮುಂಚೆನೇ "ನಾನು ಬಂದ್ರೆ ಹೀಗಾಗತ್ತೆ, ಬರದೇ ಇದ್ರೆ ಇದು ನಿಮ್ದೇ, ಯೋಚನೆ ಮಾಡಿ" ಅಂದುಬಿಡಿ.

ಇನ್ನೊಂದು ವಿಷಯ. ಆ ಹೆಂಗಸು ದೆಬೋರನೇ ಅಂತ ತುಂಬ ಜನ ಅಂದ್ಕೊಂಡಿದಾರೆ, ಅಲ್ಲ, ಕೊನೆಗೆ ಸೀಸೆರನನ್ನ ಮುಗಿಸಿದ್ದು ಯಾಯೇಲ್ ಅನ್ನೋ ಗುಡಾರದ ಹೆಂಗಸು. ಅಂದ್ರೆ ಕ್ರೆಡಿಟ್ ದೆಬೋರಳಿಗೂ ಹೋಗ್ಲಿಲ್ಲ, ಆಮೇಲೆ ಗೆದ್ದ ಖುಷಿಗೆ ಹಾಡಿದ ಹಾಡಲ್ಲಿ (5ನೇ ಅಧ್ಯಾಯ) ಅವಳು ಯಾಯೇಲಳನ್ನ ಬಾಯ್ತುಂಬ ಹೊಗಳ್ತಾಳೆ, ಬಂದವರ ಹೆಸರೂ ಹೇಳ್ತಾಳೆ, ಕುರಿ ಹಟ್ಟಿ ಮಧ್ಯೆ ಕೂತು ಬರೀ ಯೋಚನೆ ಮಾಡ್ತಾ ಉಳಿದ ರೂಬೇನ್ ಕುಲದವರಿಗೂ ಚುಚ್ತಾಳೆ. ತಮಾಷೆ ಅಂದ್ರೆ ಇಬ್ರಿಯರಿಗೆ ಬರೆದ ಪತ್ರದ 11ನೇ ಅಧ್ಯಾಯದಲ್ಲಿ ನಂಬಿಕೆಯ ವೀರರ ಪಟ್ಟಿ ಇದ್ಯಲ್ಲ, ಅಲ್ಲಿ ಬಾರಾಕನ ಹೆಸರಿದೆ, ದೆಬೋರಳದ್ದಿಲ್ಲ!

ಜನ ಅವಳ ಮಾತು ಕೇಳಿದ್ದು ಯುದ್ಧದ ದಿನ ಅವಳು ಜೋರಾಗಿ ಕೂಗಿದ್ಲು ಅಂತ ಅಲ್ಲ. ಅದಕ್ಕೆ ಮುಂಚಿಂದ ರಾಮಕ್ಕೂ ಬೇತೇಲಿಗೂ ನಡುವೆ ಖರ್ಜೂರದ ಮರದ ಕೆಳಗೆ ಕೂತು ಜನರ ವ್ಯಾಜ್ಯ ಕೇಳ್ತಿದ್ಲು, ನನ್ನ ಪ್ರಕಾರ ಅವಳ ಲೀಡರ್‌ಶಿಪ್ಪಿನ ಮುಕ್ಕಾಲು ಪಾಲು ಆ ಮರದ ಕೆಳಗೇ ಆಗೋಗಿತ್ತು.

ಪ್ರಶ್ನೆ: ನಮ್ಮ ಮನೆಯವರಿಗೆ ಸಿಟ್ಟು ಜಾಸ್ತಿ, ಯಾರ ಜೊತೆ ಬೇಕಾದ್ರೂ ಜಗಳ ಮಾಡ್ಕೊಂಡು ಬರ್ತಾರೆ. ಅತ್ತೆ "ಅಬೀಗೈಲಳ ಹಾಗೆ ಸಹಿಸ್ಕೊಂಡು ಹೋಗಮ್ಮ" ಅಂತಾರೆ. ಎಷ್ಟು ದಿನ ಸಹಿಸಲಿ?

ಉತ್ತರ: ನಿಮ್ಮತ್ತೆಗೆ 1 ಸಮುವೇಲ 25ನ್ನ ಒಂದ್ಸಲ ಪೂರ್ತಿ ಓದೋಕೆ ಹೇಳಿ, ಪ್ರೀತಿಯಿಂದಲೇ ಹೇಳಿ. ಅಬೀಗೈಲ್ ಸಹಿಸ್ಕೊಂಡು ಕೂತ ಹೆಂಗಸೇ ಅಲ್ಲ.

ಗಂಡ ನಾಬಾಲ್, 3000 ಕುರಿ 1000 ಆಡು ಇದ್ದ ಭಾರೀ ಕುಳ. ಅವನ ಕುರುಬರನ್ನ ಕಾಡಲ್ಲಿ ಕಾದಿದ್ದ, ಮುಂದೆ ರಾಜನಾಗಲಿದ್ದ ದಾವೀದ ಉಣ್ಣೆ ಕತ್ತರಿಸೋ ಹಬ್ಬದ ಸಮಯಕ್ಕೆ ಏನಾದ್ರೂ ಕೊಡು ಅಂತ ಹುಡುಗರನ್ನ ಕಳಿಸಿದ್ರೆ, ದಾವೀದ ಯಾರು ಅಂತ ಅವಮಾನ ಮಾಡಿ ಕಳಿಸ್ದ. ದಾವೀದ ಕತ್ತಿ ಕಟ್ಕೊಂಡು 400 ಜನರ ಜೊತೆ ಹೊರಟೇಬಿಟ್ಟ, ಬೆಳಗಾಗೋದ್ರೊಳಗೆ ಆ ಮನೆಯ ಒಬ್ಬ ಗಂಡಸನ್ನೂ ಉಳಿಸಲ್ಲ ಅಂತ. ಆಗ ಓಡಿ ಬಂದು ಅಬೀಗೈಲಳಿಗೆ ಹೇಳಿದ್ದು ಒಬ್ಬ ಕೆಲಸದ ಹುಡುಗ, ಯಜಮಾನನ ಹತ್ರ ಯಾರೂ ಮಾತಾಡೋಕೇ ಆಗಲ್ಲ ಅಂತ ಅವನೇ ಬಾಯಿಬಿಟ್ಟು ಹೇಳ್ತಾನೆ. ನಾನು ಎಲ್ಲಿ ಈ ಕಥೆ ಹೇಳಿದ್ರೂ ಇಲ್ಲೇ ನಿಲ್ಲಿಸ್ತೀನಿ, ಯಾಕಂದ್ರೆ ಕೆಟ್ಟ ಸುದ್ದಿನ ಹೆದರದೇ ತಂದು ಹೇಳಬಹುದು ಅಂತ ಆ ಮನೆಯಲ್ಲಿ ಒಬ್ಬಳ ಹತ್ರ ಮಾತ್ರ ಅನ್ನಿಸ್ತಿತ್ತು, ಮನೆ ಉಳಿದಿದ್ದು ಅದರಿಂದ.

ಅವಳು ಗಂಡನಿಗೆ ಹೇಳಲಿಲ್ಲ. 200 ರೊಟ್ಟಿ, ದ್ರಾಕ್ಷಾರಸ, ಅಡಿಗೆ ಮಾಡಿದ 5 ಕುರಿ, ಒಣದ್ರಾಕ್ಷಿ, ಅಂಜೂರ, ಎಲ್ಲ ಕತ್ತೆ ಮೇಲೆ ಹೇರಿಸಿ ಮುಂದೆ ಕಳಿಸಿ ತಾನು ಹಿಂದೆ ಹೋದ್ಲು. ದಾವೀದನ ಕಾಲಿಗೆ ಬಿದ್ಲು ನಿಜ, ಆದ್ರೆ ಮಾತು ಕೇಳಿ: ನನ್ನ ಗಂಡ ಹೆಸರಿಗೆ ತಕ್ಕ ಹಾಗೆ ಮೂರ್ಖ (ನಾಬಾಲ್ ಅಂದ್ರೆ ಅರ್ಥ ಅದೇ), ನೀನು ನಾಳೆ ಆಳುವವನಾದಾಗ ಸುಮ್‌ಸುಮ್ನೆ ರಕ್ತ ಸುರಿಸಿದೆ ಅನ್ನೋ ಕೊರಗು ನಿನಗ್ಯಾಕೆ. ಸಿಟ್ಟಲ್ಲಿರೋ ಮನುಷ್ಯನಿಗೆ ಅವನ ನಾಳೆಯನ್ನ ತೋರಿಸಿದ್ಲು, ಅವನು ವಾಪಸ್ ಹೋದ.

ಮನೆಗೆ ಬಂದ್ರೆ ನಾಬಾಲ್ ಕುಡಿದು ಫುಲ್ ಟೈಟು. ಬೆಳಗಾಗೋವರೆಗೂ ತುಟಿ ಬಿಚ್ಚಲಿಲ್ಲ, ಅಮಲು ಇಳಿದ ಮೇಲೆ ನಡೆದದ್ದೆಲ್ಲ ಹೇಳಿದ್ಲು. ಈ ಬೆಳಗಿನವರೆಗೆ ಕಾಯೋದು ನನಗಂತೂ ಬಂದಿಲ್ಲ, ರಾತ್ರಿ ಹನ್ನೊಂದಕ್ಕೆ ಉದ್ದುದ್ದ ಮೆಸೇಜ್ ಕಳಿಸಿ ಬೆಳಿಗ್ಗೆ ಎದ್ದು ತಲೆ ಚಚ್ಕೊಂಡಿದ್ದು ಎಷ್ಟು ಸಲವೋ.

ಒಂದು ಸೀರಿಯಸ್ ಮಾತು, ಆ ಸಿಟ್ಟು ಬಾಯಿ ದಾಟಿ ಕೈಗೆ ಬಂದಿದ್ರೆ ಯಾವ ಕಥೆಯನ್ನೂ ಮುಂದಿಟ್ಕೊಂಡು ಸಹಿಸಬೇಡಿ, ಸಹಾಯ ಕೇಳಿ. ಅಬೀಗೈಲ್ ಕೂಡ ಅಪಾಯ ಗೊತ್ತಾದ ತಕ್ಷಣ ಮನೆ ಬಿಟ್ಟು ಹೊರಗೆ ಹೋಗಿದ್ದು.

ಪ್ರಶ್ನೆ: ಎಸ್ತೇರ್ ರಾಣಿ ಚೆಲುವೆಯಾಗಿದ್ಲು, ಊಟ ಹಾಕಿ ರಾಜನನ್ನ ಒಲಿಸ್ಕೊಂಡ್ಲು, ಇದ್ರಲ್ಲಿ ಲೀಡರ್‌ಶಿಪ್ ಎಲ್ಲಿದೆ?

ಉತ್ತರ: ಔತಣದ ಸೀನ್ ಬಿಡಿ, ಎಸ್ತೇರಳ ಪುಸ್ತಕದ 4ನೇ ಅಧ್ಯಾಯ ಓದಿ. ಯೆಹೂದ್ಯರನ್ನೆಲ್ಲ ಕೊಲ್ಲಬೇಕು ಅಂತ ಪರ್ಷಿಯದ ರಾಜನ ಮಂತ್ರಿ ಹಾಮಾನ ಆಜ್ಞೆ ಹೊರಡಿಸಿದ್ದ, ಎಸ್ತೇರಳೂ ಯೆಹೂದ್ಯಳೇ. ಅವಳನ್ನ ಸಾಕಿದ ಮೊರ್ದೆಕೈ ಗೋಣಿತಟ್ಟು ಉಟ್ಕೊಂಡು ಗೋಳಾಡ್ತಿದಾನೆ ಅಂತ ಸುದ್ದಿ ಬಂದಾಗ ಅವಳು ಮೊದಲು ಮಾಡಿದ್ದು ಒಳ್ಳೆ ಬಟ್ಟೆ ಕಳಿಸಿದ್ದು. ಅವನು ತಗೊಳ್ಳಲಿಲ್ಲ. ಆಮೇಲೆ ಏನಾಯ್ತು, ಯಾಕಾಯ್ತು ಅಂತ ಕೇಳಿಸ್ತಾಳೆ. ನಾವೆಲ್ಲ ಬಟ್ಟೆ ಕಳಿಸೋ ಹಂತದಲ್ಲೇ ನಿಂತುಬಿಡ್ತೀವಿ ನೋಡಿ. ರಾಜ ಕರೆಯದೇ ಒಳಗೆ ಹೋದ್ರೆ ಸಾವು, ಅವಳನ್ನ ಕರೆಸಿ 30 ದಿನ ಆಗಿತ್ತು, ಭಯ ಪಟ್ಲು, ಅದನ್ನ ಹೇಳ್ಕೊಂಡ್ಲು ಕೂಡ. ಒಬ್ಬಳೇ ಹೋಗದೇ ರಾಜಧಾನಿ ಶೂಷನಿನ ಯೆಹೂದ್ಯರೆಲ್ಲ 3 ದಿನ ಉಪವಾಸ ಇರಿ ಅಂದ್ಲು. ಇನ್ನು ಹಾಮಾನ ಸತ್ತ ತಕ್ಷಣ ಕಥೆ ಮುಗೀತು ಅಂತ ಸಂಡೇಸ್ಕೂಲಲ್ಲಿ ಪುಸ್ತಕ ಮುಚ್ಚಿಬಿಡ್ತಾರೆ, ಆದ್ರೆ ರಾಜಮುದ್ರೆ ಬಿದ್ದ ಆ ಕೊಲೆ ಆಜ್ಞೆ ಹಾಗೇ ಜಾರಿಯಲ್ಲಿತ್ತು, 8ನೇ ಅಧ್ಯಾಯದಲ್ಲಿ ಅವಳು ಮತ್ತೆ ಹೋಗಿ ಕಾಲಿಗೆ ಬಿದ್ದು ಅಳ್ತಾಳೆ, ಆಗಲೇ 127 ಸಂಸ್ಥಾನಗಳಿಗೂ ಇನ್ನೊಂದು ಆಜ್ಞೆ ಹೋಗಿದ್ದು. ಕೆಟ್ಟವನು ಹೋದ ಮೇಲೂ ಅವನು ಮಾಡಿಟ್ಟ ರೂಲ್ಸ್ ಉಳಿದಿರತ್ತೆ, ಅದರ ಬೆನ್ನು ಹತ್ತಿದವಳು ಅವಳು.

ಪ್ರಶ್ನೆ: ಮಗ್ದಲದ ಮರಿಯ ವೇಶ್ಯೆ ಆಗಿದ್ಲಾ?

ಉತ್ತರ: ಬೈಬಲ್ಲಿನಲ್ಲಿ ಎಲ್ಲೂ ಹಾಗಿಲ್ಲ. 591ರಲ್ಲಿ ಪೋಪ್ ಗ್ರೆಗರಿ ಒಂದು ಪ್ರಸಂಗದಲ್ಲಿ ಬೇರೆ ಹೆಂಗಸರ ಕಥೆನೂ ಸೇರಿಸಿ ಒಬ್ಬಳನ್ನೇ ಮಾಡಿದ್ರು, ಆ ಕಲೆ ಉಳ್ಕೊಂಡುಬಿಡ್ತು. ಲೂಕ 8ರ ಪ್ರಕಾರ ಯೇಸು ಮತ್ತು ಶಿಷ್ಯರ ಖರ್ಚಿಗೆ ತಮ್ಮ ಆಸ್ತಿಯಿಂದ ಕೊಡ್ತಿದ್ದ ಹೆಂಗಸರಲ್ಲಿ ಅವಳೂ ಒಬ್ಬಳು.

ಪ್ರಶ್ನೆ: "ಗುಣವತಿಯಾದ ಸತಿ" ಅಂತ ಜ್ಞಾನೋಕ್ತಿ 31 ಓದಿದಾಗೆಲ್ಲ ನನಗೆ ಸುಸ್ತಾಗತ್ತೆ, ಅಷ್ಟೆಲ್ಲ ಮಾಡೋಕಾಗಲ್ಲ ಅಕ್ಕಾ.

ಉತ್ತರ: ಯಾರಿಗೂ ಆಗಲ್ಲ ತಂಗಿ. ಅದು 22 ವಚನದ ಪದ್ಯ, ಹೀಬ್ರೂವಿನ 22 ಅಕ್ಷರಕ್ಕೆ ಒಂದೊಂದು ಸಾಲು, ದಿನದ ಟೈಮ್‌ಟೇಬಲ್ ಅಲ್ಲ. "ಗುಣವತಿ" ಅಂತ ನಾವು ಓದೋ ಜಾಗದಲ್ಲಿ ಮೂಲದಲ್ಲಿರೋ ಶಬ್ದವನ್ನ ಸೈನ್ಯಕ್ಕೆ, ಪರಾಕ್ರಮಕ್ಕೂ ಬಳಸ್ತಾರೆ. ಅವಳು ಹೊಲ ನೋಡಿ ಕೊಂಡ್ಕೊತಾಳೆ, ತೋಟ ಹಾಕ್ತಾಳೆ, ಮತ್ತೆ ದಯವಿಟ್ಟು 15ನೇ ವಚನ ಬಿಡಬೇಡಿ, ಅವಳಿಗೆ ಕೆಲಸದವರಿದ್ರು!

ಪ್ರಶ್ನೆ: ಹದಿವಯಸ್ಸಿನ ಹುಡುಗಿಯರ ಗುಂಪಿಗೆ ಇಂಥ ಪಾಠ ಶುರು ಮಾಡ್ಬೇಕು. ಯಾರ ಕಥೆಯಿಂದ ಶುರು ಮಾಡ್ಲಿ?

ಉತ್ತರ: ಬೈಬಲ್ಲಿನ ಅರಣ್ಯಕಾಂಡ (ರಾಮಾಯಣದ್ದಲ್ಲ) 27, ಚಲ್ಪಹಾದನ ಐದು ಹೆಣ್ಣುಮಕ್ಕಳು. ಅಪ್ಪ ತೀರ್ಕೊಂಡಿದಾನೆ, ಅಣ್ಣತಮ್ಮಂದಿರಿಲ್ಲ, ಹೆಣ್ಣುಮಕ್ಕಳಿಗೆ ಆಸ್ತಿ ಇಲ್ಲ. ಐದೂ ಜನ ಮೋಶೆಯ ಮುಂದೆ, ಯಾಜಕ, ಮುಖಂಡರು, ಇಡೀ ಜನರ ಎದುರಿಗೇ ನಿಂತು ಗಂಡು ಮಗ ಇಲ್ಲ ಅಂತ ನಮ್ಮಪ್ಪನ ಹೆಸರು ಯಾಕೆ ಅಳಿಸಿಹೋಗಬೇಕು, ನಮಗೂ ಪಾಲು ಕೊಡಿ ಅಂತಾರೆ. ಮೋಶೆ ಅಲ್ಲೇ ತೀರ್ಪು ಕೊಡದೇ ದೇವರನ್ನ ಕೇಳ್ತಾನೆ, ಅವರು ಹೇಳಿದ್ದು ಸರಿ ಅಂತ ಉತ್ತರ ಬರತ್ತೆ, ಎಲ್ಲರಿಗೂ ಅನ್ವಯಿಸೋ ಕಾನೂನೇ ಆಗತ್ತೆ. ಅಲ್ಲಿಗೆ ನಿಲ್ಲಿಸಬೇಡಿ, 36ನೇ ಅಧ್ಯಾಯಕ್ಕೆ ಹೋಗಿ, ಅವರ ಕುಲದ ಹಿರಿಯರು ಬಂದು ತಕರಾರು ತೆಗೆದ ಮೇಲೆ ನಿಮ್ಮ ಕುಲದವರನ್ನೇ ಮದುವೆಯಾಗಬೇಕು ಅಂತ ಒಂದು ಷರತ್ತು ಸೇರಿಕೊಳ್ಳತ್ತೆ. ಅದು ನ್ಯಾಯಾನಾ ಅಂತ ಹುಡುಗಿಯರನ್ನ ಕೇಳಿ, ನೀವು ಮಧ್ಯೆ ಬಾಯಿ ಹಾಕಬೇಡಿ, ಜಗಳ ಆಡ್ಕೊಳ್ಲಿ. ಐದೂ ಜನರ ಹೆಸರು ಬಾಯಿಪಾಠ ಮಾಡಿಸಿ: ಮಹ್ಲ, ನೋವ, ಹೊಗ್ಲ, ಮಿಲ್ಕ, ತಿರ್ಚ.