ಇಸಿಜಿ ನಾರ್ಮಲ್, ಆದರೂ ರಾತ್ರಿ ಎದೆ ಡವಡವ: ಕೌನ್ಸೆಲಿಂಗ್‌ನಿಂದ ಏನಾಗುತ್ತದೆ?

ಇಸಿಜಿ (ಹೃದಯದ ಪರೀಕ್ಷೆ) ನಾರ್ಮಲ್ ಬಂದರೂ ರಾತ್ರಿ ಎದೆ ಡವಡವ ಅನ್ನುತ್ತದೆ, ಕೌನ್ಸೆಲಿಂಗ್‌ಗೆ ಹೋದರೆ ಏನಾಗುತ್ತದೆ ಅಂತ ಕೇಳಿದ್ದೀರಿ. ಇದು ಹೆಚ್ಚಾಗಿ ಆತಂಕವೇ ಇರಬೇಕು. ಹುಬ್ಬಳ್ಳಿ ಬಿಟ್ಟು ಬೆಂಗಳೂರಿನ ಪಿಜಿಗೆ ಬಂದ ಮೇಲೆ ತಾನೇ ಶುರುವಾಗಿದ್ದು? ನಾನು ಡಾಕ್ಟರ್ ಅಲ್ಲ. ಮೆಟ್ಟಿಲು ಹತ್ತುವಾಗಲೂ ಎದೆ ನೋವು ಬಂದರೆ ಮತ್ತೆ ತೋರಿಸಿ.

ಮೊದಲು ಒಂದು ವಾರ ಬರೆದಿಡಿ: ಎಷ್ಟು ಗಂಟೆಗೆ ಬಂತು, ಆಗ ತಲೆಯಲ್ಲಿ ಏನು ಓಡುತ್ತಿತ್ತು. ನನಗೂ ಹೀಗೇ ಆಗುತ್ತಿತ್ತು, ನನ್ನ ಚೀಟಿಯಲ್ಲಿ ದಿನಾ ಒಂದೇ ಸಾಲು, "10:40, ನನಗೇನಾದರೂ ಆದರೆ ಇಲ್ಲಿ ಯಾರಿಗೂ ಗೊತ್ತಾಗಲ್ಲ". ಕೌನ್ಸೆಲರ್ ಆ ಒಂದು ಸಾಲನ್ನೇ ಹಿಡಿದು, ಅದು ಎಷ್ಟು ನಿಜ, ಗೊತ್ತಾಗುವವರು ಯಾರಿದ್ದಾರೆ ಅಂತ ಕೇಳುತ್ತಾ ಹೋದರು. ಸುಮ್ನೆ ಸಮಾಧಾನದ ಮಾತಲ್ಲ, ಮನೆಗೆ ಹೋಗಿ ಮಾಡುವ ಕೆಲಸವನ್ನೂ ಕೊಡುತ್ತಾರೆ. ಒಂದೇ ಸಲಕ್ಕೆ ಹೋಗಲ್ಲ, ನನಗೆ ಐದಾರು ಭೇಟಿ ಬೇಕಾಯಿತು.

ದುಡ್ಡಿನ ಚಿಂತೆಯಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಇವತ್ತೇ ಫೋನ್ ಮಾಡಿ. ಉಚಿತ, ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.