ಅಡುಗೆಯ ಅಕ್ಕನಿಗೆ ಎಷ್ಟು ಕೊಡುವುದು?

ಪ್ರಶ್ನೆ: ನಮ್ಮೂರ ಕಟ್ಟೆಯ ಹೂಳು ತೆಗೆಯಲು ಬೆಂಗಳೂರಿನಿಂದ 18 ಜನ ಕಾಲೇಜು ಹುಡುಗ ಹುಡುಗಿಯರು ಬರುತ್ತಿದ್ದಾರೆ. ನಾಲ್ಕು ದಿನ ಶಾಲೆಯಲ್ಲೇ ಇರುತ್ತಾರೆ. ಹತ್ತಿರ ಹೋಟೆಲ್ ಇಲ್ಲ. ಊರಿನ ಅಕ್ಕ ಒಬ್ಬರು ಅಡುಗೆಗೆ ಒಪ್ಪಿದ್ದಾರೆ, ಆದರೆ ದುಡ್ಡಿನ ಮಾತು ಎತ್ತಿದರೆ "ನೀವೇ ನೋಡಿ ಕೊಡಿ" ಅಂತಾರೆ. ಏನು ಮಾಡಲಿ?
— ಓದುಗರೊಬ್ಬರು, ಪಾಂಡವಪುರ ತಾಲ್ಲೂಕು

ಉತ್ತರ: ಅವರು ಹಾಗೆ ಹೇಳಿದರು ಅಂತ ಸುಮ್ನೆ ಇರಬೇಡಿ. ಊರಿನವರ ಹತ್ತಿರ ಬಾಯಿಬಿಟ್ಟು ಕೂಲಿ ಕೇಳಲು ಸಂಕೋಚ, ಅಷ್ಟೇ. ನಿಮ್ಮ ಹೋಬಳಿಯಲ್ಲಿ ಮದುವೆ ಅಡುಗೆಗೆ ಹೋಗುವವರಿಗೆ ದಿನಕ್ಕೆ ಎಷ್ಟು ಕೊಡುತ್ತಾರೆ ಅಂತ ವಿಚಾರಿಸಿ, ಅದಕ್ಕಿಂತ ಕಡಿಮೆ ಇಲ್ಲದಂತೆ ನೀವೇ ಒಂದು ಮೊತ್ತ ಹೇಳಿ. ಬೆಳಿಗ್ಗೆ ಐದಕ್ಕೆ ಒಲೆ ಹಚ್ಚಿದರೆ ರಾತ್ರಿ ಪಾತ್ರೆ ಬೋರಲು ಹಾಕುವ ತನಕ ಅವರಿಗೆ ಬಿಡುವಿಲ್ಲ, ಮನೆಯಲ್ಲಿ ಹಸು ಇದ್ದರೆ ಡೇರಿಗೆ ಹಾಲು ಹಾಕಲು ಬೇರೆಯವರನ್ನು ಹುಡುಕಬೇಕು. ಅದೂ ಲೆಕ್ಕಕ್ಕೆ ಬರಬೇಕು ಅಲ್ವಾ?

ಕೂಲಿ ಬೇರೆ, ದಿನಸಿ ಬೇರೆ. ಇದೊಂದನ್ನು ಬಿಡಬೇಡಿ. ಎರಡನ್ನೂ ಸೇರಿಸಿ "ತಲೆಗೆ ಇಷ್ಟು" ಅಂತ ಕೊಟ್ಟರೆ, ತರಕಾರಿ ರೇಟು ಏರಿದ ದಿನ ಅಕ್ಕನ ಕೂಲಿಯೇ ಕರಗುತ್ತದೆ, ಹುಡುಗರು ಇನ್ನೊಂದು ಸಲ ಅನ್ನ ಕೇಳಿದರೆ ಪಾಪ ಅವರ ಎದೆ ಧಸಕ್ ಅನ್ನುತ್ತದೆ. ಸಾಮಾನು ನೀವೇ ತಂದುಕೊಡಿ, ಇಲ್ಲವೇ ಮುಂಗಡ ಕೊಟ್ಟು ಚೀಟಿ ಇಟ್ಟುಕೊಳ್ಳಲು ಹೇಳಿ. ಒಬ್ಬರಿಗೆ ಊಟಕ್ಕೆ 150 ಗ್ರಾಂ ಅಕ್ಕಿ ಹಿಡಿದರೆ ಹೊತ್ತಿಗೆ 2.7 ಕೆಜಿ ಆಗುತ್ತದೆ. ಮಣ್ಣು ಹೊತ್ತು ಬರುವವರು, ಮೂರು ಕೆಜಿಯೇ ಇರಲಿ.

ಜೊತೆಗೆ ಒಬ್ಬರು ಸಹಾಯಕ್ಕೆ ಬೇಕೇ ಬೇಕು, ಅವರಿಗೂ ಕೂಲಿ ಕೊಟ್ಟು. ಒಂದು ಕೆಜಿ ರಾಗಿ ಹಿಟ್ಟಿಗೆ ಎಂಟು ಹತ್ತು ಮುದ್ದೆ ಆಗುತ್ತದೆ, ಅಂದರೆ ಒಬ್ಬರಿಗೆ ಒಂದೇ ಅಂದರೂ ಎರಡು ಕೆಜಿ ಹಿಟ್ಟು. ಅಷ್ಟು ಹಿಟ್ಟನ್ನು ಗಂಟಾಗದಂತೆ ಕೋಲಿನಲ್ಲಿ ತಿರುವುವಾಗ ಪಾತ್ರೆ ಅಲುಗದಂತೆ ಇನ್ನೊಬ್ಬರು ಹಿಡಿಯಬೇಕು, ತಿರುವಿದ ಮೇಲೆ ಬಿಸಿ ಇರುವಾಗಲೇ ಕೈಗೆ ನೀರು ಮುಟ್ಟಿಸಿಕೊಂಡು ಕಟ್ಟಿ ಮುಗಿಸಬೇಕು. ಒಬ್ಬರೇ ಮಾಡಿದರೆ ಮೊದಲ ದಿನವೇ ರಟ್ಟೆ ಬಿದ್ದುಹೋಗುತ್ತದೆ.

ದೊಡ್ಡ ಪಾತ್ರೆಗಳನ್ನು ಶಾಮಿಯಾನದವರ ಹತ್ತಿರ ಬಾಡಿಗೆಗೆ ತನ್ನಿ. ಅಕ್ಕನ ಮನೆಯ ಸಿಲಿಂಡರ್ ಮಾತ್ರ ಮುಟ್ಟಬೇಡಿ. 14.2 ಕೆಜಿಯ ಆ ಸಿಲಿಂಡರ್ ಇರುವುದು ಮನೆ ಬಳಕೆಗೆ, ನೀವು 19 ಕೆಜಿಯದ್ದು ತರಿಸಿ ಅಥವಾ ಸೌದೆ ಹಾಕಿಸಿ.

ಏನು ಮಾಡಬೇಕು ಅನ್ನುವುದನ್ನು ಅವರಿಗೇ ಬಿಡಿ. ಉಪ್ಸಾರು, ಬಸ್ಸಾರು, ಕಾಳು ಸಾರು, ಅವರ ಕೈಗೆ ಒಗ್ಗಿದ್ದೇ ರುಚಿ. ಯಾರಿಗೆ ಕಡಲೆಕಾಯಿ ಆಗಲ್ಲ, ಯಾರು ಮೊಟ್ಟೆ ಮುಟ್ಟಲ್ಲ ಅಂತ ಮೊದಲೇ ಕೇಳಿ ತಿಳಿಸಿ. ಕುಡಿಯುವ ನೀರು ಕಾಯಿಸಿ ಆರಿಸಿದ್ದೇ ಇರಲಿ.

ಅರ್ಧ ಕೂಲಿ ಮೊದಲೇ ಕೊಡಿ, ಉಳಿದದ್ದನ್ನು ಕೊನೆಯ ದಿನ ಅವರ ಕೈಗೇ. ನಡುವೆ ಯಾರೂ ಬೇಡ. ದಿನಸಿ ಮಿಕ್ಕಿದರೆ ಅವರಿಗೇ ಬಿಟ್ಟುಬಿಡಿ, ಆದರೆ ಅದನ್ನು ಕೂಲಿಯಲ್ಲಿ ಮುರಿದುಕೊಳ್ಳಬೇಡಿ.